ಪಾಯಿಂಟ್ ಒಂದು ಎರಡು ಐದು

ಹೆಂಗಸರ ವಾರ್ಡಿನಲ್ಲಿ ಗಂಡಸರು ಕೂರುವಂತಿಲ್ಲ ಎಂಬ ನಿಯಮಕ್ಕೆ ಕೋದಂಡರಾಮಪ್ಪ ಮೂರನೆಯ ದಿನವೂ ಒಗ್ಗಿಕೊಂಡಿರಲಿಲ್ಲ. ಮುಳಬಾಗಿಲಿನ ಮಿಡ್ಲ್ ಸ್ಕೂಲಿನಲ್ಲಿ ಮೂವತ್ತೆರಡು ವರ್ಷ, ತಾನು ಒಳಗೆ ಕಾಲಿಟ್ಟರೆ ಉಳಿದವರೆಲ್ಲ ಎದ್ದು ನಿಲ್ಲುವುದನ್ನು ಕಂಡ ಮನುಷ್ಯ, ಈಗ ಕೋಲಾರದ ಆಸ್ಪತ್ರೆಯಲ್ಲಿ ಹೆಂಡತಿಯ ಕಬ್ಬಿಣದ ಮಂಚದ ಪಕ್ಕ ಫ್ಲಾಸ್ಕು ಹಿಡಿದುಕೊಂಡು ಬೆಳಗಿನಿಂದ ನಿಂತೇ ಇದ್ದ. ಒಂದು ಕಾಲು ನೋಯಿತೆಂದರೆ ಭಾರವನ್ನು ಇನ್ನೊಂದಕ್ಕೆ ಹಾಕುವುದು, ಅದು ನೋಯಿತೆಂದರೆ ಮತ್ತೆ ಇದಕ್ಕೆ. ನೆಲ ಒರೆಸುವ ಆಯಾ ಬೈರಮ್ಮ ಬೆಳಿಗ್ಗೆ ಅವನ ಚಪ್ಪಲಿಯ ಮೇಲೆಯೇ ಫಿನಾಯಿಲಿನ ಬಟ್ಟೆ ಎಳೆದು, "ಸರ್ಕಳಿ ಸಾಮಿ, ಕೆರೆ ತೂಬಿನ ಕಲ್ಲು ನಿಂತಂಗೆ ನಿಂತವ್ರೆ" ಎಂದಿದ್ದಳು. ಪಕ್ಕದ ಮಂಚದ ಖುರ್ಷೀದ್ ಬೇಗಂ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವನೂ ಏನೂ ಅನ್ನಿಸದವನಂತೆ ಸುಮ್ಮನೆ ನಕ್ಕ. ಮನಸ್ಸಿನೊಳಗೆ ಮಾತ್ರ ಆ ಮಾತು ಮಧ್ಯಾಹ್ನದ ತನಕ ಚುಚ್ಚುತ್ತಲೇ ಇತ್ತು. ಇವಳಿಗೇನು ಗೊತ್ತು, ನಾನು ಯಾರು ಅಂತ. ಹತ್ತು ವರ್ಷದ ಹಿಂದೆ ಇದೇ ಬೈರಮ್ಮನಿಗೆ ಮಗಳಿದ್ದು, ಆ ಮಗಳಿಗೆ ನರ್ಸ್ ಆಗುವ ಆಸೆಯಿದ್ದಿದ್ದರೆ, ಬಸ್ಸು ಹತ್ತಿಕೊಂಡು ತನ್ನ ಮನೆಯ ಜಗಲಿಗೆ ಬಂದು ಕೈಕಟ್ಟಿ ನಿಂತಿರುತ್ತಿದ್ದಳು ಎಂದುಕೊಂಡ. ಹಾಗೆ ಅಂದುಕೊಂಡಾಗ ಕಾಲಿನ ನೋವು ಸ್ವಲ್ಪ ಕಡಿಮೆಯಾಯಿತು.

ಹನ್ನೊಂದಕ್ಕೆ ಡಾಕ್ಟರು ಬಂದಾಗಲೂ ಅದೇ ಕಥೆ. ಇನ್ನೂ ಮೂವತ್ತು ದಾಟದ ಹುಡುಗ, ತನ್ನ ಕೈಕೆಳಗೆ ಮಗ್ಗಿ ಒಪ್ಪಿಸಬಹುದಾಗಿದ್ದ ವಯಸ್ಸು. ಭಾರತಮ್ಮನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದ. ನಿನ್ನೆಯಿಂದ ಮೂರು ಸಲ ವಾಂತಿಯಾಗಿದೆ, ಗೋಡೆಗೆಲ್ಲ ಅರಿಸಿನ ಬಳಿದ ಹಾಗೆ ಕಾಣುತ್ತದಂತೆ ಎಂದು ಕೋದಂಡರಾಮಪ್ಪ ಹೇಳಹೊರಟರೆ, "ಅವರೇ ಹೇಳ್ಲಿ, ನೀವು ಸುಮ್ಮನಿರಿ" ಎಂದ. ಭಾರತಮ್ಮ ಮೆಲ್ಲಗೆ ಹೇಳಿದಳು. ಡಾಕ್ಟರು ಬೆಳಗಿನ ಪಾಳಿಯ ನರ್ಸಿನ ಕಡೆ ತಿರುಗಿ, "ಡಿಗಾಕ್ಸಿನ್ ಡೋಸ್ ಇಳಿಸಿ, ನಾಲ್ಕು ಗಂಟೆದು. ನಾಡಿ ಐವತ್ತೆಂಟಕ್ಕೆ ಬಂದಿದೆ. ಜಾಸ್ತಿ ಹೋದ್ರೆ ಎದೆಬಡಿತ ನಿಂತೇ ಹೋಗುತ್ತೆ, ಹುಷಾರು" ಎಂದು ಹೇಳಿ ಮುಂದಿನ ಮಂಚಕ್ಕೆ ಹೋದ. ಆಕೆ ಮಂಚದ ಕಂಬಿಗೆ ನೇತುಹಾಕಿದ್ದ ಹಲಗೆಯ ಮೇಲಿನ ಕಾಗದದಲ್ಲಿ ಹಳೆಯದನ್ನು ಹೊಡೆದುಹಾಕಿ 0.125 ಎಂದು ಬರೆದಳು. ಔಷಧಿಯ ಹೆಸರುಗಳು, ಇಂಗ್ಲಿಷಿನ ಗೀಚು, ವಾಸನೆ, ಎಲ್ಲವೂ ಅಪರಿಚಿತವಾಗಿದ್ದ ಆ ವಾರ್ಡಿನಲ್ಲಿ ಅಂಕಿಗಳನ್ನು ಕಂಡು ಅವನಿಗೆ ಪರಸ್ಥಳದಲ್ಲಿ ತನ್ನೂರಿನವರು ಸಿಕ್ಕಷ್ಟು ಸಂತೋಷವಾಯಿತು. ಅಷ್ಟು ಸಂತೋಷಪಟ್ಟವನು ಅವುಗಳ ಬಗ್ಗೆ ಯೋಚನೆ ಮಾಡಲಿಲ್ಲ. ಎದೆಬಡಿತ ನಿಂತೇ ಹೋಗುತ್ತೆ ಎಂಬ ಮಾತೊಂದೇ ತಲೆಯಲ್ಲಿ ಉಳಿಯಿತು. ಭಾರತಮ್ಮನ ಎದೆ ಹಳದಿ ಸೀರೆಯ ಕೆಳಗೆ ಏರಿ ಇಳಿಯುವುದನ್ನು ನೋಡುತ್ತ, ಇವಳಿಲ್ಲದ ಮನೆಯಲ್ಲಿ ಬೆಳಿಗ್ಗೆ ಎದ್ದು ತಾನು ಏನು ಮಾಡುತ್ತೇನೆಂದು ಊಹಿಸಲು ಪ್ರಯತ್ನಿಸಿದ. ಏನೂ ಹೊಳೆಯಲಿಲ್ಲ. ಭಯವಾಯಿತು. ಮಾಡಲು ಬೇರೆ ಕೆಲಸವಿಲ್ಲದೆ ಫ್ಲಾಸ್ಕಿನ ಮುಚ್ಚಳ ತೆಗೆದು ಮತ್ತೆ ಹಾಕಿದ.

ಮೂರೂವರೆಗೆ ಮಧ್ಯಾಹ್ನದ ಪಾಳಿಯವಳು ಇವರ ಸಾಲಿಗೆ ಬಂದಳು. ಬಿಳಿ ಸೀರೆ, ಬಿಗಿದು ಕಟ್ಟಿದ ತುರುಬು, ಎಡಗೈಯಲ್ಲಿ ಮಾತ್ರೆಯ ಟ್ರೇ. ಕಾಗದ ನೋಡಿ, ಭಾರತಮ್ಮನ ಹೆಸರು ಓದಿ, ಊರು ಮುಳಬಾಗಿಲು ಎಂಬುದನ್ನೂ ಓದಿ, ತಲೆಯೆತ್ತಿದಳು. ಸ್ವಲ್ಪ ಹೊತ್ತು ಅವನನ್ನೇ ನೋಡಿದಳು.

"ಸಾರ್, ನೀವಾ. ನಾನು ಮುತ್ಯಾಲಮ್ಮ. ರಾಯಲ್ಪಾಡು. ಮೂರನೇ ಬ್ಯಾಚು."

ರಾಯಲ್ಪಾಡಿನ ತೆಲುಗಿನ ಎಳೆತ ಆ ನಾಲ್ಕು ಮಾತಿನಲ್ಲೂ ಇತ್ತು. ಕೋದಂಡರಾಮಪ್ಪ ಫ್ಲಾಸ್ಕು ಕೆಳಗಿಟ್ಟ. "ಮುತ್ಯಾಲೂ, ಎಷ್ಟು ಬೆಳೆದುಬಿಟ್ಟಿದೀಯಮ್ಮ" ಎಂದ. ಅವಳು ಬೈರಮ್ಮನನ್ನು ಕರೆದು, "ನಮ್ಮ ಮೇಷ್ಟ್ರು ಕಣೇ, ಇವರು ಲೆಕ್ಕ ಹೇಳಿಕೊಡದಿದ್ರೆ ನಾನಿಲ್ಲಿ ಇರ್ತಿರಲಿಲ್ಲ. ಡ್ಯೂಟಿ ರೂಮಿನ ಸ್ಟೂಲು ತಗೊಂಡು ಬಾ" ಎಂದಳು. ಬೈರಮ್ಮ ಸ್ಟೂಲು ತಂದು, ತನ್ನ ಸೆರಗಿನಿಂದಲೇ ಒರೆಸಿ ಇಟ್ಟಳು. ಖುರ್ಷೀದ್ ಬೇಗಂ ಎದ್ದು ಕೂತು, "ಮಾಸ್ಟರ್ ಸಾಬ್ ಅಂತ ನಮಗೆ ಮಾಲೂಮೇ ಇರಲಿಲ್ಲ ನೋಡಿ" ಎಂದಳು. ಕೋದಂಡರಾಮಪ್ಪ ಕೂತ. ಮೂರು ದಿನದ ನೋವೆಲ್ಲ ಕಾಲಿನಿಂದ ಇಳಿದು ನೆಲಕ್ಕೆ ಹೋದಂತಾಯಿತು. ಬೆನ್ನು ತಾನಾಗಿ ನೆಟ್ಟಗಾಯಿತು. ಭಾರತಮ್ಮನ ಕಡೆ ನೋಡಿದ, ನೋಡಿದೆಯಾ ಅನ್ನುವ ಹಾಗೆ. ಅವಳು ಸಣ್ಣಗೆ ನಕ್ಕಳು, ಮೂರು ದಿನದಲ್ಲಿ ಮೊದಲನೆಯ ಸಲ.

ನರ್ಸ್ ಮೇಷ್ಟ್ರು. ಎಪ್ಪತ್ತೈದು ಎಪ್ಪತ್ತಾರರಲ್ಲಿ ಮುಳಬಾಗಿಲಿನಲ್ಲಿ ಅವನನ್ನು ಕರೆಯುತ್ತಿದ್ದುದೇ ಹಾಗೆ. ನರ್ಸ್ ತರಬೇತಿಗೆ ಸೇರುವ ಹುಡುಗಿಯರು ಮೊದಲು ಒಂದು ಲೆಕ್ಕದ ಪೇಪರು ಪಾಸು ಮಾಡಬೇಕಿತ್ತು. ಇಷ್ಟು ಔಷಧಿಯಲ್ಲಿ ಅಷ್ಟು ಕೊಡಬೇಕಾದರೆ ಎಷ್ಟು, ಇಷ್ಟು ನೀರಿಗೆ ಎಷ್ಟು ಪುಡಿ, ಅಂಥವು. ಎಸ್ಸೆಸ್ಸೆಲ್ಸಿಯನ್ನು ಹೇಗೋ ದಾಟಿದ್ದ ಹುಡುಗಿಯರು ಅಲ್ಲಿ ಬಂದು ಮುಗ್ಗರಿಸುತ್ತಿದ್ದರು. ಶ್ರೀನಿವಾಸಪುರದಿಂದ, ಕುರುಡುಮಲೆಯಿಂದ, ಆಂಧ್ರದ ಗಡಿಯಿಂದ, ಜಡೆಗೆ ಕೆಂಪು ಟೇಪು ಕಟ್ಟಿಕೊಂಡು ಬರುತ್ತಿದ್ದರು. ಅವನು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ, ಆ ಮಾತಿಗೆ ಊರೇ ಸಾಕ್ಷಿ. ಮಾವಿನಕಾಯಿ ತಂದರೆ ಭಾರತಮ್ಮ ಒಳಗಿಡುತ್ತಿದ್ದಳು, ಅಷ್ಟೇ. ಅವನಿಗೆ ಬೇಕಾಗಿದ್ದದ್ದು ಬೇರೆ. ಪೋಸ್ಟಾಫೀಸಿನ ಮುಂದೆ ಯಾರಾದರೂ ತಡೆದು ನಿಲ್ಲಿಸಿ, ಈ ಸಲ ಎಷ್ಟು ಜನ ಮೇಷ್ಟ್ರೇ ಎಂದು ಕೇಳಬೇಕು. ಅವನು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು, ಎಲ್ಲರೂ ಅನ್ನಬೇಕು. ಮೂರನೆಯ ಬ್ಯಾಚಿನಲ್ಲಿ ಹನ್ನೊಂದಕ್ಕೆ ಹನ್ನೊಂದು. ಆ ವರ್ಷವೇ ಆ ಉಪಾಯ ಹೊಳೆದದ್ದು. ದಶಾಂಶದ ಲೆಕ್ಕ ಹುಡುಗಿಯರ ತಲೆಗೆ ಹತ್ತುತ್ತಲೇ ಇರಲಿಲ್ಲ. ಈ ಚುಕ್ಕೆ ಎಲ್ಲಿಗೆ ಹೋಗುತ್ತೆ ಸಾರ್, ಆ ಚುಕ್ಕೆ ಎಲ್ಲಿಂದ ಬಂತು ಸಾರ್. ಮುತ್ಯಾಲಮ್ಮ ಒಂದು ದಿನ ಸ್ಲೇಟಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು, ಬರೆದ ಸೀಮೆಸುಣ್ಣವೆಲ್ಲ ಕೆನ್ನೆಗೆ ಅಂಟಿತ್ತು. ಅವಳನ್ನು ನೋಡಿ ಅವನಿಗೆ ಮರುಕವೂ ಆಯಿತು, ಹನ್ನೊಂದರಲ್ಲಿ ಒಂದು ಕಡಿಮೆಯಾಗುತ್ತದಲ್ಲ ಎಂಬ ದಿಗಿಲೂ ಆಯಿತು. ಬೋರ್ಡು ಒರೆಸಿ ಹೇಳಿದ: ಚುಕ್ಕೆ ಮರೆತುಬಿಡಿ. ಚುಕ್ಕೆಯ ಈಚೆ ಇರೋದು ಪೈಸೆ. ಪಾಯಿಂಟ್ ಐವತ್ತು ಕೊಡಬೇಕು, ಮಾತ್ರೆ ಪಾಯಿಂಟ್ ಇಪ್ಪತ್ತೈದರದು. ಐವತ್ತು ಪೈಸೆ, ಇಪ್ಪತ್ತೈದು ಪೈಸೆ. ಎಷ್ಟು ಸಲ ಹೋಗುತ್ತೆ? ಎರಡು ಸಾರ್ ಎಂದು ಹನ್ನೊಂದು ಬಾಯಿ ಒಟ್ಟಿಗೆ ಕೂಗಿದವು. ಆ ಕೂಗು ಬೀದಿಗೆ ಕೇಳಿಸಿರಬೇಕು. ಅಷ್ಟು ಸಂತೋಷ ಅವನಿಗೆ ಮಗ ಹುಟ್ಟಿದಾಗಲೂ ಆಗಿರಲಿಲ್ಲ.

"ಸಾರ್, ಒಂದು ಲೆಕ್ಕ ಕೇಳ್ಲಾ?" ಮುತ್ಯಾಲಮ್ಮ ಭಾರತಮ್ಮನ ನಾಡಿ ಬರೆದಿಟ್ಟು, ಟ್ರೇಯಿಂದ ಸಣ್ಣ ಸೀಸೆಯೊಂದನ್ನು ತೆಗೆದು ಕೈಯಲ್ಲಿ ಹಿಡಿದಿದ್ದಳು. ವಾರ್ಡಿನ ಗೋಡೆಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷವಿತ್ತು.

"ಕೇಳಮ್ಮ, ಅದಕ್ಕೇನಂತೆ."

"ಅಮ್ಮನವರಿಗೆ ಪಾಯಿಂಟ್ ಒಂದು ಎರಡು ಐದು ಕೊಡಬೇಕು. ಮಾತ್ರೆ ಪಾಯಿಂಟ್ ಎರಡು ಐದರದು. ನಿಮ್ಮ ಲೆಕ್ಕದಲ್ಲಿ ಎಷ್ಟು ಮಾತ್ರೆ ಸಾರ್?"

ಬೈರಮ್ಮ ಪೊರಕೆಯನ್ನು ಗೋಡೆಗೆ ಆನಿಸಿ ನಿಂತಿದ್ದಳು. ಖುರ್ಷೀದ್ ಬೇಗಂ ತಲೆ ಮುಂದಕ್ಕೆ ಚಾಚಿದ್ದಳು. ಎಂಟು ವರ್ಷದ ಮೇಲೆ, ಇಷ್ಟು ಜನ ಕಿವಿಗೊಟ್ಟು ಕೇಳುತ್ತಿರುವಾಗ, ತನ್ನ ಶಿಷ್ಯೆ ತನ್ನ ಲೆಕ್ಕವನ್ನೇ ಕೇಳುತ್ತಿದ್ದಾಳೆ. ನೂರಿಪ್ಪತ್ತೈದು, ಇಪ್ಪತ್ತೈದು. ಅವನು ಯೋಚಿಸಲಿಲ್ಲ, ಯೋಚಿಸುವ ಅಗತ್ಯವೇ ಬೀಳಲಿಲ್ಲ; ಬಾಯಿ ತಾನಾಗಿ ತೆರೆಯಿತು.

"ಐದು," ಎಂದ, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ.

"ಐದು," ಎಂದಳು ಮುತ್ಯಾಲಮ್ಮ. ಇನ್ನೇನೋ ಹೇಳುವವಳಂತೆ ಅವನ ಮುಖ ನೋಡುತ್ತ ನಿಂತಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಬೈರಮ್ಮ, "ಗಂಡಸ್ರೆಲ್ಲ ಈಚೆ ನಡೀರಿ, ಟೈಮಾಯ್ತು" ಎಂದು ಶುರುಮಾಡಿ, ಅವನ ಹತ್ತಿರ ಬಂದಾಗ ದನಿ ಇಳಿಸಿ, "ನೀವೂನೂ ಸಾಮಿ, ತಪ್ಪು ತಿಳ್ಕಬೇಡಿ" ಎಂದಳು. ಅವನು ಗಾಂಭೀರ್ಯದಿಂದ ಎದ್ದು, ಫ್ಲಾಸ್ಕು ಎತ್ತಿಕೊಂಡು, ನೆಲ ಒರೆಸಿದ ಜಾಗ ತುಳಿಯದೆ ನಡೆದು ಹೊರಗೆ ಬಂದ.

ಆಸ್ಪತ್ರೆಯ ಅಂಗಳದಲ್ಲಿ ಬೇವಿನ ಮರಕ್ಕೆ ಕಟ್ಟೆ ಕಟ್ಟಿದ್ದರು. ಅಲ್ಲಿ ಕೂತರೆ ಎದುರಿಗೆ ವಾರ್ಡಿನ ಉದ್ದದ ಗೋಡೆ, ಅದರಲ್ಲಿ ಆರು ಕಿಟಕಿ, ಬಾಗಿಲಿನ ಕಡೆಯಿಂದ ಮೂರನೆಯದು ಭಾರತಮ್ಮನ ಮಂಚದ್ದು. ಕಿಟಕಿಗೆ ಸೊಳ್ಳೆಯ ತಂತಿಜಾಲರಿ ಇದ್ದುದರಿಂದ ಹೊರಗಿನವರಿಗೆ ಒಳಗಿನದು ಕಾಣುತ್ತಿರಲಿಲ್ಲ, ಬರೀ ಬೂದು ಬಣ್ಣ. ಕೋದಂಡರಾಮಪ್ಪ ಕಾಲು ನೀಡಿ ಕೂತ. ಅಂತರಗಂಗೆಯ ಬೆಟ್ಟದ ಕಡೆಯಿಂದ ಬಿಸಿಗಾಳಿ ಬರುತ್ತಿತ್ತು. ಇವತ್ತು ಊರಿಗೆ ಹೋದ ಮೇಲೆ ಇದನ್ನು ಯಾರಿಗೆ ಮೊದಲು ಹೇಳಬೇಕು ಎಂದು ಯೋಚಿಸಿದ. ಆಸ್ಪತ್ರೆಯ ನರ್ಸಮ್ಮ, ಅಷ್ಟು ಜನರ ಎದುರಿಗೆ, ಲೆಕ್ಕ ಕೇಳಿದಳು. ನಾನು ಕೂತಲ್ಲಿಂದಲೇ ಹೇಳಿದೆ. ನೂರಿಪ್ಪತ್ತೈದರಲ್ಲಿ ಇಪ್ಪತ್ತೈದು ಐದು ಸಲ. ಬಾಯಿಗೆ ಹಾಕಿಕೊಂಡ ಬೆಲ್ಲವನ್ನು ಬೇಗ ಕರಗಿಸಬಾರದೆಂದು ಆಡಿಸುವ ಹಾಗೆ ಅದನ್ನೇ ಮತ್ತೆ ಮತ್ತೆ ಹೇಳಿಕೊಂಡ. ಐದು ಮಾತ್ರೆ. ಪಾಪ, ಅವಳಿಗೆ ಒಂದು ಮಾತ್ರೆ ನುಂಗುವುದೇ ಕಷ್ಟ, ಐದನ್ನು ಹೇಗೆ ನುಂಗುತ್ತಾಳೋ. ನಿನ್ನೆ ಹೇಳುತ್ತಿದ್ದಳು, ಒಂದೇ ಒಂದು ಬಿಳೀ ಮಾತ್ರೆ ಕೊಡ್ತಾರೆ ರೀ, ಸಾಸಿವೆಗಿಂತ ಸ್ವಲ್ಪ ದಪ್ಪ, ಅದನ್ನು ನುಂಗಿದರೆ ಕರುಳೆಲ್ಲ ಬಾಯಿಗೆ ಬರುತ್ತೆ ಅಂತ. ನಿನ್ನೆ ಒಂದು. ಇವತ್ತು ಐದು. ಡಾಕ್ಟರು ಇಳಿಸಿ ಅಂದಿದ್ದ.

ಡಾಕ್ಟರು ಇಳಿಸಿ ಅಂದಿದ್ದ. ಒಂದನ್ನು ಇಳಿಸಿದರೆ ಐದಾಗುವುದು ಹೇಗೆ. ಕೋದಂಡರಾಮಪ್ಪ ಕಾಲು ಮಡಚಿಕೊಂಡ. ಪಾಯಿಂಟ್ ಒಂದು ಎರಡು ಐದು. ಚುಕ್ಕೆಯ ಪಕ್ಕದ್ದು ಹತ್ತರ ಭಾಗ, ಅದರ ಪಕ್ಕದ್ದು ನೂರರ ಭಾಗ, ಅದರ ಪಕ್ಕದ್ದು ಸಾವಿರದ ಭಾಗ. ಅದು ನೂರಿಪ್ಪತ್ತೈದು ಪೈಸೆಯಲ್ಲ, ಹನ್ನೆರಡೂವರೆ ಪೈಸೆ. ಹಳೆಯ ಎರಡಾಣೆ. ಮಾತ್ರೆ ನಾಲ್ಕಾಣೆಯದು. ನಾಲ್ಕಾಣೆಯಲ್ಲಿ ಎರಡಾಣೆ ಅಂದರೆ ಅರ್ಧ, ಸಂತೆಗೆ ಸೊಪ್ಪು ಮಾರಲು ಬರುವ ಯಾವ ಮುದುಕಿಯನ್ನು ಕೇಳಿದರೂ ಹೇಳುತ್ತಾಳೆ. ಅರ್ಧ ಮಾತ್ರೆ ಕೊಡುವ ಜಾಗದಲ್ಲಿ ಐದು ಎಂದಿದ್ದ. ಕಿಟಕಿಯ ಕಡೆ ನೋಡಿದ, ಬೂದು ಜಾಲರಿ. ಮುತ್ಯಾಲಮ್ಮ ಈಗ ಅಲ್ಲಿ ನಿಂತು, ಅಂಗೈಯ ಮೇಲೆ ಒಂದೊಂದೇ ಇಡುತ್ತಿರಬಹುದು, ಭಾರತಮ್ಮ ನೀರಿನ ಲೋಟ ಹಿಡಿದು ಒಂದೊಂದೇ ನುಂಗುತ್ತಿರಬಹುದು. ತಾನು ಹೇಳಿದ ಲೆಕ್ಕ ಎಂಬ ನಂಬಿಕೆಯಿಂದ ಇಬ್ಬರೂ. ಎದ್ದ. ಅಂಗಳ ದಾಟಿ ಬಾಗಿಲಿನ ತನಕ ಓಡುವಷ್ಟು ಜೋರಾಗಿ ನಡೆದ.

ಬಾಗಿಲಿನ ಕಬ್ಬಿಣದ ಗೇಟಿನ ಹಿಂದೆ ಬೈರಮ್ಮ ಕೂತಿದ್ದಳು. "ಏನ್ ಸಾಮಿ?" ಎಂದಳು, ಈ ಸಲ ಮರ್ಯಾದೆಯಿಂದ. ಕೋದಂಡರಾಮಪ್ಪನ ಬಾಯಿ ತೆರೆಯಿತು. ನಾನು ಹೇಳಿದ ಲೆಕ್ಕ ತಪ್ಪು. ಮೂರು ಮಾತು, ನಾಲ್ಕು ಮಾತು. ಅಷ್ಟು ಹೇಳಿದರೆ ಸಾಕು, ಇವಳು ಒಳಗೆ ಓಡುತ್ತಾಳೆ. ಹಾಗೆಯೇ ಆಯಾಗಳಿಗೆಲ್ಲ ಹೇಳುತ್ತಾಳೆ, ಖುರ್ಷೀದ್ ಬೇಗಂ ಮತ್ತೆ ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಾಳೆ, ಆ ಡಾಕ್ಟರು ಹುಡುಗ, ಲೆಕ್ಕದ ಮೇಷ್ಟ್ರಂತೆ, ಎನ್ನುತ್ತಾನೆ.

"ಏನಿಲ್ಲ. ಈ ಫ್ಲಾಸ್ಕು ಒಳಗೆ ಕೊಡಬೇಕಿತ್ತು."

ಅವಳು ಗೇಟಿನ ಸಂದಿಯಿಂದ ಫ್ಲಾಸ್ಕು ತೆಗೆದುಕೊಂಡಳು. ಅವನು ಬರಿಗೈಯಲ್ಲಿ ಕಟ್ಟೆಗೆ ವಾಪಸು ಬಂದ. ಬಂದದ್ದೇಕೆಂದು ಅವನಿಗೇ ಅರ್ಥವಾಗಲಿಲ್ಲ. ಕಾಲುಗಳು ತಿರುಗಿದವು, ಇವನು ಅವುಗಳ ಹಿಂದೆ ಬಂದ. ಮುತ್ಯಾಲಮ್ಮ ಐದು ವರ್ಷ ಕೆಲಸ ಮಾಡಿದವಳು, ಐದು ಮಾತ್ರೆ ಕೊಡುತ್ತಾಳೆಯೇ ಎಂದು ಸಮಾಧಾನ ಹೇಳಿಕೊಂಡ. ಕೊಡುವುದಿಲ್ಲ. ಆದರೆ ಗೊತ್ತಿದ್ದವಳು ಏಕೆ ಕೇಳಿದಳು? ಗೊತ್ತಿಲ್ಲದೆಯೇ ಕೇಳಿದ್ದಲ್ಲವೆ? ಸ್ಲೇಟಿನ ಮೇಲೆ ತಲೆಯಿಟ್ಟು ಅತ್ತ ಹುಡುಗಿ. ಅವಳಿಗೆ ದಶಾಂಶ ಬರುವುದಿಲ್ಲ ಎಂದು ಈ ಭೂಮಿಯ ಮೇಲೆ ಯಾರಿಗಾದರೂ ಖಂಡಿತವಾಗಿ ಗೊತ್ತಿದ್ದರೆ ಅದು ತನಗೆ. ಉಪಾಯ ಹೇಳಿಕೊಟ್ಟ ಮಾರನೆಯ ದಿನ ಅವಳೇ ಎದ್ದು ನಿಂತು, "ಸಾರ್, ಪೈಸೆ ಎರಡೇ ಅಂಕಿ ಅಲ್ವಾ. ಚುಕ್ಕೆ ಆದಮೇಲೆ ಮೂರು ಅಂಕಿ ಬಂದ್ರೆ ಎಟ್ಲ ಸಾರ್, ಹೆಂಗೆ ಮಾಡೋದು?" ಎಂದು ಕೇಳಿದ್ದಳು. ಅವನು ಹತ್ತು ವರ್ಷದ ಪ್ರಶ್ನೆಪತ್ರಿಕೆಗಳನ್ನು ತಿರುವಿಹಾಕಿದ್ದ, ಮೂರು ಅಂಕಿ ಒಮ್ಮೆಯೂ ಬಂದಿರಲಿಲ್ಲ. "ಬರಲ್ಲ ಕೂತ್ಕೋ" ಎಂದಿದ್ದ. ಬರುವುದಿಲ್ಲ ಎಂದದ್ದು ಪೇಪರಿನಲ್ಲಿ. ಆಸ್ಪತ್ರೆಯ ಮಾತನ್ನು ಆಗ ಯಾರೂ ಆಡಿರಲಿಲ್ಲ, ಅವನ ತಲೆಯಲ್ಲೂ ಬಂದಿರಲಿಲ್ಲ.

ಬಂದಿರಲಿಲ್ಲ ಎಂಬುದು ಸುಳ್ಳು. ವೆಂಕಟರತ್ನಮ್ಮ ಇದ್ದಳಲ್ಲ. ಅದೇ ಮೂರನೆಯ ಬ್ಯಾಚು, ಶ್ರೀನಿವಾಸಪುರದ ಕಡೆಯವಳು, ಹನ್ನೊಂದು ಜನರಲ್ಲಿ ಎಲ್ಲರಿಗಿಂತ ಚುರುಕು, ಪೈಸೆಯ ಲೆಕ್ಕವನ್ನು ಬಾಯಲ್ಲೇ ಬಿಡಿಸುತ್ತಿದ್ದವಳು. ಎರಡನೆಯ ವರ್ಷ ತರಬೇತಿಯಿಂದ ಮನೆಗೆ ಕಳಿಸಿಬಿಟ್ಟರಂತೆ, ಏನೋ ಮದ್ದು ಹೆಚ್ಚುಕಡಿಮೆ ಮಾಡಿದಳಂತೆ, ಒಂದು ಮಗುವಿಗೆ ಏನೋ ಆಯಿತಂತೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದರು. ಏನಾಯಿತು ಎಂದು ಅವನು ಕೇಳಲಿಲ್ಲ. ಹುಡುಗಿಗೆ ಆತುರ ಜಾಸ್ತಿ ಎಂದು ಭಾರತಮ್ಮನ ಹತ್ತಿರ ಹೇಳಿದ. ಒಂದು ಸಲ ಕೋಲಾರದ ದಾರಿಯ ಸ್ಟಾಪೊಂದರಲ್ಲಿ ಅವಳ ತಂದೆ ಮುನಿರಾಮಪ್ಪ ಬಸ್ಸು ಹತ್ತಿದ. ಕೋದಂಡರಾಮಪ್ಪ ಅವನನ್ನು ಕಂಡ. ಪತ್ರಿಕೆಯನ್ನು ಬಿಡಿಸಿ ಮುಖದ ಮುಂದೆ ಹಿಡಿದು, ಕೋಲಾರ ಬರುವ ತನಕ ಒಂದೇ ಪುಟವನ್ನು ನೋಡುತ್ತ ಕೂತ. ಇಳಿಯುವಾಗ ಮುನಿರಾಮಪ್ಪ, ನಮಸ್ಕಾರ ಮೇಷ್ಟ್ರೇ, ಎಂದು ತಾನಾಗಿ ಕೈಮುಗಿದ. ಆ ಮುಗಿದ ಕೈಯಲ್ಲಿ ಸಿಟ್ಟೇನೂ ಇರಲಿಲ್ಲ.

ಕಟ್ಟೆಯಿಂದ ಎದ್ದು ಅವನು ಮತ್ತೆ ಬಾಗಿಲಿನ ತನಕ ಹೋದ. ಮೆಟ್ಟಿಲ ಮೇಲೆ ಕಾಲಿಟ್ಟ. ಒಳಗೆ ಯಾರೋ ಹೆಂಗಸರು ಜೋರಾಗಿ ನಕ್ಕರು. ತನ್ನ ಬಗ್ಗೆ ಇರಲಾರದು, ಆದರೂ ಕಾಲು ಹಿಂದೆ ಬಂತು. ಮರದ ನೆರಳಲ್ಲಿ ನಿಂತು ಮಾತು ಜೋಡಿಸಿದ. ಮುತ್ಯಾಲಮ್ಮ, ನೀನು ಆಗ ಹೇಳಿದ್ದು ಪಾಯಿಂಟ್ ಒಂದು ಎರಡು ಐದೋ, ಒಂದು ಪಾಯಿಂಟ್ ಎರಡು ಐದೋ, ನನಗೆ ಸರಿಯಾಗಿ ಕೇಳಿಸಲಿಲ್ಲ. ಇಲ್ಲ, ಅದು ಆಗದು, ಖುರ್ಷೀದ್ ಬೇಗಂ ಕೇಳಿಸಿಕೊಂಡಿದ್ದಾಳೆ. ನಿನಗೆ ಜ್ಞಾಪಕವಿದೆಯೋ ಇಲ್ಲವೋ ನೋಡೋಣ ಅಂತ ಬೇಕೆಂದೇ ಐದು ಎಂದೆ. ಇದು ಪರವಾಗಿಲ್ಲ, ಮೇಷ್ಟ್ರು ಮಾಡಬಹುದಾದ ಕೆಲಸ. ಅದನ್ನು ಎರಡು ಸಲ ಒಳಗೊಳಗೇ ಹೇಳಿಕೊಂಡು ನಗುವನ್ನೂ ಸರಿಯಾದ ಜಾಗದಲ್ಲಿ ಸೇರಿಸಿದ. ಆಮೇಲೆ ಕೈಗಡಿಯಾರ ನೋಡಿಕೊಂಡ. ನಾಲ್ಕು ಇಪ್ಪತ್ತೆರಡು. ಇಷ್ಟು ಹೊತ್ತು ತಾನು ಮರದ ಕೆಳಗೆ ನಿಂತು ವಾಕ್ಯ ತಿದ್ದುತ್ತಿದ್ದೆ ಎಂಬುದು ಆಗ ಅವನಿಗೆ ಗೊತ್ತಾಯಿತು. ತನ್ನ ಬಗ್ಗೆಯೇ ಭಯವಾಯಿತು. ಗೇಟಿನ ಹತ್ತಿರ ಬೈರಮ್ಮ ಏನೋ ಕೇಳಿದಳು. ಅವಳನ್ನು ದಾಟಿಕೊಂಡು, ಚಪ್ಪಲಿಯ ಕಾಲಿನಲ್ಲೇ ಒಳಗೆ ನುಗ್ಗಿದ.

ಮುತ್ಯಾಲಮ್ಮ ಡ್ಯೂಟಿ ರೂಮಿನಲ್ಲಿ ಸಿರಿಂಜುಗಳನ್ನು ಕುದಿಸಲು ಇಡುತ್ತಿದ್ದಳು. ಇವನನ್ನು ನೋಡಿ ಆಶ್ಚರ್ಯಪಡಲಿಲ್ಲ.

"ಮಾತ್ರೆ," ಎಂದ. ಏದುಸಿರು. "ಕೊಟ್ಟುಬಿಟ್ಟೆಯಾ?"

"ಕೊಟ್ಟೆ ಸಾರ್. ನಾಲ್ಕು ಗಂಟೆಗೇ."

ಕೋದಂಡರಾಮಪ್ಪ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. ಎಲ್ಲ ಮುಗಿಯಿತು ಎಂದು ಗೊತ್ತಾದ ಮೇಲೂ, ಇನ್ನು ಕಾಪಾಡಿಕೊಳ್ಳಲು ಏನೂ ಉಳಿದಿಲ್ಲ ಎಂದು ಗೊತ್ತಾದ ಮೇಲೂ, ಜೋಡಿಸಿಟ್ಟಿದ್ದ ಮಾತು ತಾನಾಗಿ ಹೊರಗೆ ಬಂತು. "ಅಲ್ಲಮ್ಮ, ನಾನು ಐದು ಅಂದದ್ದು, ನಿನಗೆ ಜ್ಞಾಪಕ ಇದೆಯೋ ಇಲ್ಲವೋ ಅಂತ, ಸುಮ್ಮನೆ ಒಂದು ಪರೀಕ್ಷೆ." ನಗುವೂ ಅದರ ಜಾಗದಲ್ಲಿ ಬಂತು. ಆ ನಗುವನ್ನು ಕೇಳಿ ಅವನಿಗೆ ಅಸಹ್ಯವಾಯಿತು.

ಮುತ್ಯಾಲಮ್ಮ ಸ್ಟವ್ವಿನ ಉರಿ ಸಣ್ಣ ಮಾಡಿದಳು. ಟ್ರೇಯ ಮೂಲೆಯಲ್ಲಿ ಮಡಚಿಟ್ಟಿದ್ದ ಕಾಗದ ಬಿಡಿಸಿ ತೋರಿಸಿದಳು. ಅದರಲ್ಲಿ ಬಿಳಿಯ ಮಾತ್ರೆಯ ಅರ್ಧ ಚೂರು ಇತ್ತು.

"ಇನ್ನರ್ಧ ಅಮ್ಮನವರಿಗೆ ಕೊಟ್ಟೆ. ಐದು ಕೊಡೋಕೆ ನನಗೇನು ತಲೆ ಕೆಟ್ಟಿದೆಯಾ ಸಾರ್. ರತ್ನ ಐದು ಕೊಟ್ಟಿದ್ಲು. ವೆಂಕಟರತ್ನ. ಮಗುಗೆ ಕೊಡೋ ಮದ್ದು, ಇಂಥದೇ ಮೂರು ಅಂಕಿ. ಅವಳಿಗೆ ಸ್ವಲ್ಪ ಅನುಮಾನ ಇತ್ತು, ನನ್ನ ಕೇಳಿದ್ಲು. ಪಕ್ಕದಲ್ಲಿ ನಿಂತು ಭಾಗಿಸಿ ಹೇಳಿದೋಳು ನಾನು. ಮಗು ಸಾಯಂಕಾಲಕ್ಕೆ ಹೋಯ್ತು. ಮೇಲಿನವರು ಕೇಳಿದಾಗ ನನ್ನ ಹೆಸರು ಅವಳು ಹೇಳ್ಲಿಲ್ಲ, ನಾನೂ ಹೇಳ್ಕೊಳ್ಲಿಲ್ಲ. ಅವಳು ಮನೆಗೆ ಹೋದ್ಲು. ನಾನು ಅವತ್ತಿಂದ ಒಂದು ವರ್ಷ ದಶಾಂಶ ಕಲ್ತೆ, ಎರಡನೇ ಕ್ಲಾಸಿನ ಪುಸ್ತಕದಿಂದ ಹಿಡ್ಕೊಂಡು."

ನೀರು ಕುದಿಯಲು ಶುರುವಾಗಿ ಸಿರಿಂಜುಗಳು ಒಂದಕ್ಕೊಂದು ತಾಕುತ್ತಿದ್ದವು. ಕೋದಂಡರಾಮಪ್ಪನಿಗೆ ಕೂರಬೇಕೆನಿಸಿತು. ಆ ಕೋಣೆಯಲ್ಲಿ ಸ್ಟೂಲು ಇರಲಿಲ್ಲ.

"ಮತ್ತೆ ನನ್ನ ಯಾಕಮ್ಮ ಕೇಳಿದೆ?"

"ನಿಮಗೆ ಗೊತ್ತಿದ್ದೂ ಹಂಗೆ ಹೇಳಿಕೊಟ್ರಾ, ಗೊತ್ತಿಲ್ದೇ ಹೇಳಿಕೊಟ್ರಾ ಅಂತ. ಎಷ್ಟು ವರ್ಷದಿಂದ ಕೇಳಬೇಕು ಅಂತಿದ್ದೆ. ಐದು ಅಂದ್ರಿ. ಕಟ್ಕೊಂಡ ಹೆಂಡತಿ ನುಂಗೋ ಮಾತ್ರೇಗೇ ಐದು ಅಂದ್ರಲ್ಲ, ಪಾಪ ಇವರಿಗೂ ಗೊತ್ತಿರಲಿಲ್ಲ, ಸುಮ್ಮನೆ ಬೈಕೊಂಡೆ ಅನ್ನಿಸ್ತು ಸಾರ್. ನಿಜವಾಗ್ಲೂ ಮನಸ್ಸು ಹಗುರ ಆಯ್ತು. ಹೊರಗೆ ಬಂದು ಹೇಳಿಬಿಡೋಣ ಅಂತ ಕಿಟಕೀಲಿ ನೋಡಿದೆ." ಅವಳು ಇಕ್ಕಳದಿಂದ ಒಂದು ಸೂಜಿಯನ್ನು ಎತ್ತಿ ನೋಡಿ ಮತ್ತೆ ನೀರಿಗೆ ಬಿಟ್ಟಳು. "ಗೇಟಿನ ತನಕ ಬಂದು ಫ್ಲಾಸ್ಕು ಕೊಟ್ಟು ಹೋದ್ರಿ. ಇನ್ನೊಂದು ಸಲ ಬಂದು ಮೆಟ್ಲಿಂದ ಹೋದ್ರಿ. ಆವಾಗ ನಿಮಗೆ ಗೊತ್ತಾಗಿತ್ತು, ಅಲ್ವಾ ಸಾರ್."

ಇಲ್ಲ ಎನ್ನಬೇಕೆಂದು ಅವನಿಗೆ ಅನ್ನಿಸಿತು. ಹೌದು ಎಂದ. ಅಷ್ಟನ್ನೇ ಗೇಟಿನ ಹತ್ತಿರ ಹೇಳಬೇಕಾಗಿತ್ತು.

"ಅಮ್ಮನವರೂ ನೋಡ್ತಾ ಇದ್ರು," ಎಂದಳು ಮುತ್ಯಾಲಮ್ಮ, ಈ ಸಲ ಅವನ ಮುಖ ನೋಡದೆ. "ಅರ್ಧ ಕೊಟ್ಟಾಗ, ಯಜಮಾನ್ರು ಐದು ಅಂದ್ರಲ್ಲ ಅಂತ ಕೇಳಿದ್ರು. ಐದು ನುಂಗಿದ್ರೆ ಏನಾಗುತ್ತೆ ಅಂತಾನೂ ಕೇಳಿದ್ರು. ಹೇಳಬೇಕಾಯ್ತು ಸಾರ್. ಆಮೇಲೆ ಕಿಟಕಿ ಕಡೆಗೇ ಮಲಗಿದ್ರು."

ವಾರ್ಡಿನ ಸಾಲುಗಳ ನಡುವೆ ನಡೆಯುವಾಗ ಯಾರೂ ಅವನನ್ನು ತಡೆಯಲಿಲ್ಲ. ಖುರ್ಷೀದ್ ಬೇಗಂ ನಿದ್ದೆ ಮಾಡುತ್ತಿದ್ದಳು, ಅಥವಾ ಹಾಗೆ ಕಾಣಿಸುತ್ತಿದ್ದಳು. ಭಾರತಮ್ಮ ಕಿಟಕಿಯ ಕಡೆ ಮಗ್ಗುಲಾಗಿದ್ದವಳು ಹೆಜ್ಜೆಯ ಸಪ್ಪಳ ಕೇಳಿ ಇತ್ತ ಹೊರಳಿದಳು. ಒಳಗಿನಿಂದ ಜಾಲರಿಯ ಮೂಲಕ ಅಂಗಳವೆಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಮರ, ಕಟ್ಟೆ, ಅವನು ನಿಂತಿದ್ದ ಜಾಗ. ಅವಳ ಮುಖದಲ್ಲಿ ಸಿಟ್ಟು ಹುಡುಕಿದ. ಸಿಟ್ಟು ಸಿಕ್ಕಿದ್ದರೆ ಅವನಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ಏನು ಹೇಳಬೇಕೆಂದು ತಿಳಿಯದೆ, "ಈಗ ಹೇಗಿದೆ?" ಎಂದು ಕೇಳಿದ.

"ಪರವಾಗಿಲ್ಲ," ಎಂದಳು. ಆಮೇಲೆ, ಮನೆಯಲ್ಲಿ ಹಾಲಿನವನ ವಿಷಯ ಹೇಳುವ ದನಿಯಲ್ಲಿ, "ಆರು ಗಂಟೆ ಬಸ್ಸಿಗೆ ಊರಿಗೆ ಹೋಗಿಬಿಡಿ. ನಾಳೆಯಿಂದ ನೀವು ಬರೋದು ಬೇಡ. ನನ್ನ ತಮ್ಮ ಸೊಣ್ಣಪ್ಪನ್ನ ಕಳ್ಸಿ" ಎಂದಳು.

"ಅವನ್ನಾ?" ಕೋದಂಡರಾಮಪ್ಪನಿಗೆ ಅಳು ಬರುವಂತಾಯಿತು. "ಅವನಿಗೆ ಓದೋಕೆ ಬರೆಯೋಕೆ ಬರಲ್ಲ ಭಾರತಿ. ಇಲ್ಲಿ ಚೀಟಿ, ಔಷಧಿ, ನೂರೆಂಟು ಇರುತ್ತೆ. ಅವನಿಗೆ ಏನು ಗೊತ್ತಾಗುತ್ತೆ?"

"ಗೊತ್ತಾಗದಿದ್ರೆ ಗೊತ್ತಾಗಲಿಲ್ಲ ಅಂತ ಹೇಳ್ತಾನೆ," ಎಂದಳು ಭಾರತಮ್ಮ.